ಕೋರ್ಟಿನ ಸೂರು ಸೋರಿದರೆ ದುಡ್ಡು ಯಾರದು?

(ಕಾನೂನು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಮೊದಲಿಗೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಕಾನೂನು ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ, ಕೋರ್ಟಿನ ಸುದ್ದಿ ಬರೆಯಲೆಂದು ಕಳಿಸಿದ್ದರಿಂದ ಕೋರ್ಟಿನ ಮೆಟ್ಟಿಲು ಹತ್ತಿದವನು. ಸೆಕ್ಷನ್‌ಗಳ ಬಗ್ಗೆ ನಿಮ್ಮ ಮುಂದೆ ಮಾತನಾಡುವ ಧೈರ್ಯ ನನಗಿಲ್ಲ. ಆದ್ದರಿಂದ ಹೆಂಚಿನ ಬಗ್ಗೆ ಮಾತನಾಡುತ್ತೇನೆ.

ಮಲೆನಾಡಿನ ಒಂದು ತಾಲ್ಲೂಕು ಕೋರ್ಟು. ಆಷಾಢದ ಮಳೆ. ದಾಖಲೆ ಕೊಠಡಿಯ ಮಾಡಿನಲ್ಲಿ ನಾಲ್ಕಾರು ಹೆಂಚು ಒಡೆದಿತ್ತು. ದಫೇದಾರರು ಸ್ಟೂಲಿನ ಮೇಲೆ ನಿಂತು ಕಬ್ಬಿಣದ ಬೀರುವಿಗೆ ನೀಲಿ ಟಾರ್ಪಾಲು ಹೊದೆಸುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರು ಕೇಳಿದರು, “ಸ್ವಾಮಿ, ನನ್ನ ಕಾಗದವೂ ಅದರೊಳಗೇ ಇದೆಯೇನು?” ಅವರದು ಅಣ್ಣತಮ್ಮಂದಿರ ಪಾಲಿನ ದಾವೆ. ಅಜ್ಜನ ಕಾಲದ ಪಾಲುಪಟ್ಟಿಯ ಅಸಲು ಪ್ರತಿ ಕೋರ್ಟಿನ ವಶದಲ್ಲಿತ್ತು. ಯಾರೂ ಅವರಿಗೆ ಉತ್ತರ ಹೇಳಲಿಲ್ಲ. ನಾನು ಶಿರಸ್ತೇದಾರರನ್ನು ಕೇಳಿದೆ. “ಹೆಂಚಿಗೆ ಬರೆದಿದ್ದೇವೆ. ಎಂಜಿನಿಯರರು ಬಂದು ಅಂದಾಜುಪಟ್ಟಿ ಮಾಡಬೇಕು, ಆಮೇಲೆ ಮೇಲಿನಿಂದ ಮಂಜೂರಾಗಬೇಕು” ಎಂದರು. “ಮೇಲೆ ಅಂದರೆ ಯಾರು ಸಾರ್?” ಎಂದೆ. ಅವರು ನಕ್ಕರು. “ಅದು ಗೊತ್ತಿದ್ದರೆ ನೇರ ಅಲ್ಲಿಗೇ ಬರೀತಿದ್ವಿ.”

ಆ ‘ಮೇಲೆ’ ಯಾರು ಎಂದು ಹುಡುಕಿಕೊಂಡು ಹೊರಟಾಗ ಸಿಕ್ಕಿದ್ದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ತೀರ್ಪು ಒಬ್ಬರದು, ಥೈಲಿ ಇನ್ನೊಬ್ಬರದು

ಕೋರ್ಟು ಮತ್ತು ಸರ್ಕಾರ ಬೇರೆ ಬೇರೆ ಎಂದು ಈಗ ನಾವು ಸಹಜವಾಗಿ ಹೇಳುತ್ತೇವೆ. ಕಂಪನಿ ಸರ್ಕಾರದ ಕಾಲದಲ್ಲಿ ಹಾಗಿರಲಿಲ್ಲ. ಕಂದಾಯ ವಸೂಲು ಮಾಡುವ ಕಲೆಕ್ಟರನೇ ನ್ಯಾಯವನ್ನೂ ಹೇಳುತ್ತಿದ್ದ ದಿನಗಳಿದ್ದವು. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದಲ್ಲಿ ಈ ಎರಡನ್ನೂ ಬೇರ್ಪಡಿಸಿದ. ನಮ್ಮ ಸಂವಿಧಾನದ 50ನೇ ವಿಧಿ ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದಿತು. 235ನೇ ವಿಧಿ ಅಧೀನ ನ್ಯಾಯಾಲಯಗಳ ಮೇಲಿನ ಹತೋಟಿಯನ್ನು ಹೈಕೋರ್ಟಿಗೆ ಕೊಟ್ಟಿತು. 229ನೇ ವಿಧಿಯ ಪ್ರಕಾರ ಹೈಕೋರ್ಟಿನ ಆಡಳಿತ ವೆಚ್ಚ ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುತ್ತದೆ. ಅದಕ್ಕೆ ವಿಧಾನಸಭೆಯ ಮತ ಬೇಕಿಲ್ಲ.

ಆದರೆ ಹತೋಟಿ ಬೇರೆ, ಥೈಲಿ ಬೇರೆ. ಜಿಲ್ಲಾ, ತಾಲ್ಲೂಕು ಕೋರ್ಟಿನ ಕಟ್ಟಡಕ್ಕೆ ಹಣ ಬರುವುದು ಸರ್ಕಾರದ ಆಯವ್ಯಯದಿಂದ. ಸಾಮಾನ್ಯವಾಗಿ ಕಟ್ಟುವವರು, ದುರಸ್ತಿ ಮಾಡುವವರು ಲೋಕೋಪಯೋಗಿ ಇಲಾಖೆಯವರು. ಕಕ್ಷಿದಾರ ಕಟ್ಟುವ ಕೋರ್ಟು ಶುಲ್ಕವೂ ಖಜಾನೆಗೆ ಹೋಗುತ್ತದೆಯೇ ಹೊರತು ಕೋರ್ಟಿನ ಡಬ್ಬಿಗಲ್ಲ. ಕೋಟಿಗಟ್ಟಲೆ ರೂಪಾಯಿ ಆಸ್ತಿಯ ವ್ಯಾಜ್ಯ ತೀರಿಸುವ ನ್ಯಾಯಾಧೀಶರು ತಮ್ಮ ತಲೆಯ ಮೇಲಿನ ಹೆಂಚು ಬದಲಾಯಿಸಬೇಕಾದರೆ ಪತ್ರ ಬರೆದು ಕಾಯಬೇಕು.

ಬೆಂಗಳೂರಿನ ಹೈಕೋರ್ಟಿನ ಕೆಂಪು ಕಟ್ಟಡವನ್ನೇ ನೋಡಿ. 1868ರಲ್ಲಿ ಅದು ಮುಗಿದಾಗ ಕೋರ್ಟಿಗೆಂದು ಕಟ್ಟಿದ್ದಲ್ಲ. ಸರ್ಕಾರದ 18 ಇಲಾಖೆಗಳ ಕಚೇರಿಗಾಗಿ ಕಟ್ಟಿದ್ದು; ಅದಕ್ಕೇ ‘ಅಠಾರಾ ಕಚೇರಿ’ ಎಂಬ ಹೆಸರು. 1956ರಲ್ಲಿ ಎದುರಿಗೆ ವಿಧಾನಸೌಧ ಎದ್ದು ಕಚೇರಿಗಳು ಅಲ್ಲಿಗೆ ಹೋದವು. ಹಳೆಯ ಮನೆ ಕೋರ್ಟಿಗೆ ಉಳಿಯಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಅದನ್ನು ಉಳಿಸಲು ನಾಗರಿಕರು ಅದೇ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮನೆಯ ಕಥೆಯೇ ಹೀಗಿದ್ದರೆ ತಾಲ್ಲೂಕು ಕೋರ್ಟಿನ ಗತಿ ಏನೆಂದು ಬೇರೆ ಹೇಳಬೇಕಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ

ಹಾಗಾದರೆ ದುಡ್ಡೇ ಇಲ್ಲವೇ? ಇದೆ. 1993-94ರಿಂದ ಕೇಂದ್ರ ಸರ್ಕಾರದ ಒಂದು ಯೋಜನೆ ಇದೆ: ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳ ಕಟ್ಟಡ ಹಾಗೂ ನ್ಯಾಯಾಧೀಶರ ವಸತಿಗಾಗಿ ರಾಜ್ಯಗಳಿಗೆ ಅನುದಾನ. ಮೊದಲು ಕೇಂದ್ರ ಅರ್ಧ, ರಾಜ್ಯ ಅರ್ಧ ಹಾಕುತ್ತಿದ್ದವು. 2011-12ರಿಂದ ಕೇಂದ್ರದ ಪಾಲು 75ಕ್ಕೆ ಏರಿತು. 2015-16ರಿಂದ 60ಕ್ಕೆ ಇಳಿಯಿತು. ಅಂದರೆ ನಮ್ಮಂಥ ರಾಜ್ಯದಲ್ಲಿ 100 ರೂಪಾಯಿಯ ಕೆಲಸಕ್ಕೆ ದೆಹಲಿಯಿಂದ 60, ರಾಜ್ಯದಿಂದ 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಮಾತ್ರ ಕೇಂದ್ರವೇ 90 ಕೊಡುತ್ತದೆ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಈ ಯೋಜನೆಯನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿ 9,000 ಕೋಟಿ ರೂಪಾಯಿಯ ಅಂದಾಜಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಕೇಂದ್ರದ ಪಾಲು 5,357 ಕೋಟಿ.

ಅಂಕಿ ದೊಡ್ಡದು. ಆದರೆ ಅನುದಾನವೆಂದರೆ ಕೈಗೆ ಬಿದ್ದ ನೋಟಿನ ಕಟ್ಟಲ್ಲ. ಅದು ಮೆಟ್ಟಿಲುಗಳ ಸಾಲು. ಎಲ್ಲಿ ಎಂಥ ಕಟ್ಟಡ ಬೇಕೆಂದು ಹೈಕೋರ್ಟು ಪಟ್ಟಿ ಕೊಡಬೇಕು. ಜಾಗ ಸಿಗಬೇಕು. ಎಂಜಿನಿಯರರ ಅಂದಾಜುಪಟ್ಟಿ ಆಗಬೇಕು. ಸರ್ಕಾರ ಆಡಳಿತಾತ್ಮಕ ಮಂಜೂರಾತಿ ಕೊಟ್ಟು, ತನ್ನ 40 ರೂಪಾಯಿಯನ್ನು ಆಯವ್ಯಯದಲ್ಲಿ ಇಡಬೇಕು. ಟೆಂಡರ್ ಕರೆಯಬೇಕು. ಕೊಟ್ಟ ಹಣ ಯಾವುದಕ್ಕೆ ಖರ್ಚಾಯಿತು ಎಂಬ ಬಳಕೆ ಪ್ರಮಾಣಪತ್ರ ದೆಹಲಿಗೆ ಹೋಗಬೇಕು. ಹಿಂದಿನ ಲೆಕ್ಕ ಬಾರದೆ ಮುಂದಿನ ಕಂತು ಹೊರಡುವುದಿಲ್ಲ. ಈ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಸಾರ್ವಜನಿಕರ ದುಡ್ಡಿಗೆ ಲೆಕ್ಕ ಬೇಕೇ ಬೇಕು. ಆದರೆ ಯಾವುದೋ ಒಂದು ಮೆಟ್ಟಿಲಿನಲ್ಲಿ ಒಂದು ಕಡತ ಕುಳಿತುಬಿಟ್ಟರೆ ಇಡೀ ಸಾಲು ನಿಲ್ಲುತ್ತದೆ. ಆ ಮೆಟ್ಟಿಲುಗಳಲ್ಲಿ ಹೆಚ್ಚಿನವು ಕೋರ್ಟಿನ ಹೊರಗೇ ಇವೆ.

ಪರಿಣಾಮ ಏನು? ಭಾರತದ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮುಂದಿಟ್ಟ ಲೆಕ್ಕದ ಪ್ರಕಾರ 2019-20ರಲ್ಲಿ ಈ ಯೋಜನೆಯಡಿ ರಾಜ್ಯಗಳಿಗೆ ಮಂಜೂರಾದದ್ದು 981.98 ಕೋಟಿ ರೂಪಾಯಿ. ಬಳಕೆಯಾದದ್ದು 84.9 ಕೋಟಿ, ಅದೂ ಐದು ರಾಜ್ಯಗಳು ಸೇರಿ. ನೂರರಲ್ಲಿ 91 ರೂಪಾಯಿ ಹಾಗೇ ಉಳಿಯಿತು. ಇನ್ನೊಂದು ಕಡೆ, 2021ರ ಅಕ್ಟೋಬರ್‌ನಲ್ಲಿ ಔರಂಗಾಬಾದಿನ ಸಮಾರಂಭದಲ್ಲಿ ಅವರೇ ಹೇಳಿದ ಅಂಕಿ ಕೇಳಿ: ದೇಶದ ಕೋರ್ಟು ಸಂಕೀರ್ಣಗಳಲ್ಲಿ ಶೇ. 26ರಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿಲ್ಲ. ಶುದ್ಧೀಕರಿಸಿದ ಕುಡಿಯುವ ನೀರು ಇರುವುದು ಶೇ. 54ರಲ್ಲಿ, ಪ್ರಥಮ ಚಿಕಿತ್ಸೆಯ ಸೌಲಭ್ಯ ಶೇ. 5ರಲ್ಲಿ ಮಾತ್ರ. ಒಂದು ಕಡೆ ಬಾಯಾರಿಕೆ, ಇನ್ನೊಂದು ಕಡೆ ತುಂಬಿದ ಕೊಡ. ನಡುವೆ ಹಗ್ಗವಿಲ್ಲ.

ಇದು ಒಂದೇ ಯೋಜನೆಯ ಕಥೆಯಲ್ಲ. 13ನೇ ಹಣಕಾಸು ಆಯೋಗ 2010ರಿಂದ 2015ರ ಅವಧಿಗೆ ನ್ಯಾಯದಾನದ ಸುಧಾರಣೆಗೆಂದು 5,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಬೆಳಗಿನ ಮತ್ತು ಸಂಜೆಯ ಕೋರ್ಟುಗಳಿಗೆ 2,500 ಕೋಟಿ. ಪಾರಂಪರಿಕ ಕೋರ್ಟು ಕಟ್ಟಡಗಳ ರಕ್ಷಣೆಗೆ 450 ಕೋಟಿ. ಕೋರ್ಟು ಮ್ಯಾನೇಜರ್‌ಗಳ ನೇಮಕಕ್ಕೆ 300 ಕೋಟಿ. ಅವಧಿ ಮುಗಿದಾಗ ರಾಜ್ಯಗಳಿಗೆ ಬಿಡುಗಡೆಯಾಗಿದ್ದದ್ದು ಅರ್ಧಕ್ಕಿಂತ ಕಡಿಮೆ. 14ನೇ ಆಯೋಗದ ಕಾಲಕ್ಕೆ ನ್ಯಾಯಾಂಗದ 9,749 ಕೋಟಿಯ ಪ್ರಸ್ತಾವಕ್ಕೆ ಬೆಂಬಲ ಸಿಕ್ಕಿತು. ಆದರೆ ಪ್ರತ್ಯೇಕ ಅನುದಾನ ಬರಲಿಲ್ಲ. ತೆರಿಗೆಯಲ್ಲಿ ಹೆಚ್ಚಿಸಿ ಕೊಟ್ಟಿರುವ ಪಾಲಿನಿಂದಲೇ ರಾಜ್ಯಗಳು ಖರ್ಚು ಮಾಡಲಿ ಎಂದಾಯಿತು. ರಸ್ತೆ, ನೀರಾವರಿ, ಶಾಲೆಗಳ ಸಾಲಿನಲ್ಲಿ ಕೋರ್ಟೂ ನಿಲ್ಲಬೇಕಾಯಿತು. ಕೋರ್ಟಿಗೆ ಮತದಾರರ ಗುಂಪು ಇಲ್ಲ ಎಂಬುದನ್ನು ನಾನು ನಿಮಗೆ ನೆನಪಿಸಬೇಕಿಲ್ಲ.

ನೆರೆ ಬಂದಾಗ

ಇಷ್ಟೆಲ್ಲ ನೆಟ್ಟಗಿರುವ ದಿನಗಳ ಮಾತು. ಇನ್ನು ನೆರೆ ಬಂದರೆ? ನಮ್ಮ ರಾಜ್ಯದಲ್ಲೇ 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗಿನ ಭೂಕುಸಿತ, 2019ರಲ್ಲಿ ಮತ್ತೆ ಕೃಷ್ಣಾ ತೀರದ ನೆರೆ ಕಂಡಿದ್ದೇವೆ. ಅಂಥ ಹೊತ್ತಿಗೆಂದು ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿ ಇದೆ. ನಮ್ಮಂಥ ರಾಜ್ಯಗಳಲ್ಲಿ ಅದಕ್ಕೆ ಕೇಂದ್ರ 75, ರಾಜ್ಯ 25 ಹಾಕುತ್ತವೆ. ಅದರಿಂದ ಯಾವುದಕ್ಕೆ ಎಷ್ಟು ಕೊಡಬಹುದು ಎಂಬ ಮಾನದಂಡವನ್ನು ಕೇಂದ್ರ ಗೃಹ ಸಚಿವಾಲಯ ಹೊರಡಿಸುತ್ತದೆ. 2015ರಲ್ಲಿ ಹೊರಟ ಪಟ್ಟಿಯಲ್ಲಿ ತಕ್ಷಣದ ದುರಸ್ತಿಗೆ ಅರ್ಹವಾದವು: ರಸ್ತೆ, ಸೇತುವೆ, ಕುಡಿಯುವ ನೀರು, ನೀರಾವರಿ, ವಿದ್ಯುತ್ತಿನ ತುರ್ತು ಸಂಪರ್ಕ, ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಂಚಾಯ್ತಿಯ ಸಮುದಾಯ ಆಸ್ತಿ.

ಕೋರ್ಟು? ಅದು ಇನ್ನೊಂದು ಪಟ್ಟಿಯಲ್ಲಿದೆ, ನೆರವು ಸಿಗದ ಪಟ್ಟಿಯಲ್ಲಿ. ಸರ್ಕಾರಿ ಕಚೇರಿ, ನೌಕರರ ವಸತಿಗೃಹ, ಆಟದ ಮೈದಾನ, ಅರಣ್ಯ ಇಲಾಖೆಯ ಬಂಗಲೆ, ಪಕ್ಷಿಧಾಮ ಇವುಗಳ ಜೊತೆಯಲ್ಲಿ ‘ನ್ಯಾಯಾಲಯದ ಆವರಣ’.

ಇದರ ಹಿಂದಿನ ಯೋಚನೆಯೂ ಅರ್ಥವಾಗುವಂಥದ್ದೇ. ಜೀವ ಉಳಿಸುವುದು ಮೊದಲು. ಊಟ, ನೀರು, ದಾರಿ ಮೊದಲು. ಕಟ್ಟಡ ಇಲಾಖೆಯ ಮಾಮೂಲು ಹಣದಿಂದ ಆಗಲಿ. ಸರಿ. ಆದರೆ ಕೋರ್ಟಿನ ಮಾಮೂಲು ಹಣ ಹೇಗೆ ಬರುತ್ತದೆ ಎಂಬುದನ್ನು ಈಗಷ್ಟೇ ನೋಡಿದೆವು. ಮುಂದೆ 15ನೇ ಹಣಕಾಸು ಆಯೋಗ ವಿಪತ್ತಿನ ಹಣವನ್ನು ಹೊಸದಾಗಿ ಹಂಚಿತು: 100ರಲ್ಲಿ 40 ತುರ್ತು ಪರಿಹಾರಕ್ಕೆ, 30 ಚೇತರಿಕೆ ಮತ್ತು ಪುನರ್ನಿರ್ಮಾಣಕ್ಕೆ, 10 ಸಿದ್ಧತೆಗೆ, ಉಳಿದ 20 ಅಪಾಯ ತಗ್ಗಿಸುವ ಕೆಲಸಕ್ಕೆ. ಪುನರ್ನಿರ್ಮಾಣವೆಂಬ ಒಂದು ಬಾಗಿಲು ತೆರೆಯಿತು. ಆದರೆ ಬಾಗಿಲು ತಟ್ಟುವವರ ಕೈಯಲ್ಲಿ ಕಾಗದ ಇರಬೇಕು. ಏನು ಹಾಳಾಯಿತು, ಮೊದಲು ಹೇಗಿತ್ತು, ಎಷ್ಟು ಬೇಕು ಎಂಬುದನ್ನು ತೋರಿಸಲಾಗದವರಿಗೆ ಯಾವ ಬಾಗಿಲೂ ತೆರೆಯದು.

ಮುಳುಗಿದ ಕೋರ್ಟು ಏನನ್ನು ಮುಳುಗಿಸುತ್ತದೆ?

“ರಸ್ತೆ ಇಲ್ಲದಿದ್ದರೆ ಜನ ಸಾಯುತ್ತಾರೆ, ಕೋರ್ಟು ನಾಲ್ಕು ತಿಂಗಳು ಮುಚ್ಚಿದರೆ ಏನು ಮಹಾ” ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ದೂರ ಹೋಗಬೇಕು. ಒಂದು ದೊಡ್ಡ ಊರಿನ ಕ್ರಿಮಿನಲ್ ಕೋರ್ಟು ನೀರಿನಲ್ಲಿ ಮುಳುಗಿ, ಅದರಿಂದ ಏನೇನಾಯಿತು ಎಂಬುದು ವಿವರವಾಗಿ ದಾಖಲಾಗಿರುವುದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂತು. ತಡೆಗೋಡೆಗಳು ಒಡೆದು ನಗರದ ಶೇ. 80ರಷ್ಟು ಭಾಗಕ್ಕೆ ನೀರು ನುಗ್ಗಿತು. ಅಲ್ಲಿಯ ಕ್ರಿಮಿನಲ್ ಕೋರ್ಟಿನ ನೆಲಮಾಳಿಗೆಯಲ್ಲಿ ಸಾಕ್ಷ್ಯದ ಕೊಠಡಿ ಇತ್ತು. ಬಟ್ಟೆ, ಆಯುಧ, ಕಾಗದ, ಎಲ್ಲವೂ ಕೊಳಕು ನೀರಿನಲ್ಲಿ ನಿಂತವು. ಪಕ್ಕದ ಜೈಲಿನಲ್ಲಿದ್ದ 6,000ಕ್ಕೂ ಹೆಚ್ಚು ಬಂದಿಗಳನ್ನು ರಾಜ್ಯದ ಹತ್ತಾರು ಜೈಲುಗಳಿಗೆ ಚದುರಿಸಿದರು. ಯಾರು ಯಾವ ಜೈಲಿನಲ್ಲಿದ್ದಾರೆ, ಯಾರ ಮೇಲೆ ಏನು ಆರೋಪ ಎಂಬುದನ್ನು ಹೊಂದಿಸುವುದೇ ತಿಂಗಳುಗಟ್ಟಲೆಯ ಕೆಲಸವಾಯಿತು. ಸಣ್ಣಪುಟ್ಟ ಆರೋಪಕ್ಕೆ ಒಳಗೆ ಹೋದವರು ಶಿಕ್ಷೆಯ ಅವಧಿಗಿಂತ ಹೆಚ್ಚು ದಿನ ವಿಚಾರಣೆಯಿಲ್ಲದೆ ಕುಳಿತರು.

ಇದಕ್ಕಿಂತ ವಿಚಿತ್ರವಾದದ್ದು ವಕೀಲರ ಕಥೆ. ಬಡ ಆರೋಪಿಗಳಿಗೆ ಸರ್ಕಾರ ಒದಗಿಸುವ ವಕೀಲರ ಸಂಬಳ ಅಲ್ಲಿ ಬಹುಪಾಲು ಬರುತ್ತಿದ್ದುದು ಸಂಚಾರ ದಂಡದ ಮೇಲಿನ ಶುಲ್ಕದಿಂದ. ಊರೇ ಖಾಲಿಯಾಯಿತು, ರಸ್ತೆಯಲ್ಲಿ ಕಾರಿಲ್ಲ, ಕಾರಿಲ್ಲದೆ ದಂಡವಿಲ್ಲ, ದಂಡವಿಲ್ಲದೆ ವಕೀಲರಿಗೆ ಸಂಬಳವಿಲ್ಲ. ಹೆಚ್ಚಿನ ವಕೀಲರನ್ನು ಮನೆಗೆ ಕಳಿಸಲಾಯಿತು. ಬಂದಿಗಳಿಗೆ ವಕೀಲರು ಅತ್ಯಂತ ಹೆಚ್ಚು ಬೇಕಾಗಿದ್ದ ದಿನವೇ ವಕೀಲರಿಲ್ಲವಾದರು. ತನ್ನದೇ ಭದ್ರವಾದ ಹಣವಿಲ್ಲದ ನ್ಯಾಯವ್ಯವಸ್ಥೆ ಗೋಡೆ ಗಟ್ಟಿಯಿದ್ದರೂ ಕುಸಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನು ದುರಸ್ತಿಯ ಹಣ. ಅಲ್ಲಿ ಫೀಮಾ ಎಂಬ ಕೇಂದ್ರ ಸಂಸ್ಥೆ ಇದೆ. ನಮ್ಮಲ್ಲಿಯಂತೆ ಅಲ್ಲ, ಅಲ್ಲಿ ಸಾರ್ವಜನಿಕ ಕಟ್ಟಡದ ದುರಸ್ತಿಗೂ ನೆರವು ಸಿಗುತ್ತದೆ, ಕೋರ್ಟೂ ಅದರಲ್ಲಿ ಸೇರುತ್ತದೆ. ವೆಚ್ಚದ ಕನಿಷ್ಠ ಶೇ. 75 ಕೇಂದ್ರದ್ದು, ಉಳಿದದ್ದು ಸ್ಥಳೀಯರದ್ದು. ಕತ್ರೀನಾ ದುರಸ್ತಿಗೆ ಆ ಸ್ಥಳೀಯ ಪಾಲನ್ನು 2007ರಲ್ಲಿ ಅಲ್ಲಿನ ಸಂಸತ್ತು ಮನ್ನಾ ಮಾಡಿತು. ಆದರೂ ಜಗಳ ತಪ್ಪಲಿಲ್ಲ. ಹಾನಿ ಮಾರುತದಿಂದಲೇ ಆದದ್ದೋ, ಮೊದಲೇ ಇದ್ದ ಅಲಕ್ಷ್ಯದಿಂದಲೋ ಎಂಬುದನ್ನು ರುಜುವಾತು ಮಾಡಬೇಕು. ದುರಸ್ತಿಯ ವೆಚ್ಚ ಹೊಸದಾಗಿ ಕಟ್ಟುವ ವೆಚ್ಚದ ಅರ್ಧವನ್ನು ದಾಟಿದರೆ ಹೊಸ ಕಟ್ಟಡಕ್ಕೆ ಹಣ. ದಾಟದಿದ್ದರೆ ದುರಸ್ತಿಗೆ ಮಾತ್ರ. ಇದೇ ಅರ್ಧದ ಲೆಕ್ಕಕ್ಕಾಗಿ ಅದೇ ಊರಿನ ಚಾರಿಟಿ ಆಸ್ಪತ್ರೆಯ ವಿಷಯದಲ್ಲಿ ರಾಜ್ಯ ಮತ್ತು ಫೀಮಾ ನಡುವೆ ವರ್ಷಗಟ್ಟಲೆ ವಾದ ನಡೆದು, 2010ರ ಜನವರಿಯಲ್ಲಿ ಮಧ್ಯಸ್ಥಿಕೆ ಮಂಡಳಿ ರಾಜ್ಯದ ಪರವಾಗಿ ಸುಮಾರು 47.5 ಕೋಟಿ ಡಾಲರ್ ಕೊಡಿಸಿತು. ಕಟ್ಟಡ ಬಿದ್ದ ಮೇಲೂ ನಿಲ್ಲುವುದು ಕಾಗದವೇ.

ನೆರೆಗೆ ಮೊದಲೇ ಮಾಡಬೇಕಾದ ಕೆಲಸ

‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ನಮ್ಮಲ್ಲಿದೆ. ದಿಡ್ಡಿ ಬಾಗಿಲನ್ನು ಮೊದಲೇ ಹಾಕುವುದು ಎಂದರೆ ಏನು? ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಒಂದು, ಪ್ರತಿ ಕೋರ್ಟಿಗೂ ಆಸ್ತಿಯ ಒಂದು ಪುಸ್ತಕ. ಕಟ್ಟಡದ ವಯಸ್ಸು, ನಕ್ಷೆ, ಫೋಟೋ, ಹಿಂದೆ ಎಷ್ಟು ನೀರು ಬಂದಿತ್ತು, ಕೊನೆಯ ದುರಸ್ತಿ ಯಾವಾಗ. ನೆರೆ ಬಂದ ಮರುದಿನ ಅಂದಾಜುಪಟ್ಟಿ ಮಾಡಲು ಇದೇ ಆಧಾರ. ಹಾನಿ ಹೊಸದು ಎಂದು ತೋರಿಸಲೂ ಇದೇ ಸಾಕ್ಷಿ.

ಎರಡು, ದಾಖಲೆ ಕೊಠಡಿ ನೆಲಮಾಳಿಗೆಯಲ್ಲಿ ಬೇಡ, ಸೋರುವ ಮಾಡಿನ ಕೆಳಗೂ ಬೇಡ. ಬಿದ್ದ ಕಟ್ಟಡವನ್ನು ಮತ್ತೆ ಕಟ್ಟಬಹುದು. ಅಸಲು ಕರಾರುಪತ್ರವನ್ನು ಯಾವ ಅನುದಾನದಿಂದಲೂ ಮತ್ತೆ ಬರೆಯಲಾಗದು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಇ-ಕೋರ್ಟ್ಸ್ ಮೂರನೇ ಹಂತದ 7,210 ಕೋಟಿ ರೂಪಾಯಿಯಲ್ಲಿ 2,038.40 ಕೋಟಿ ಹಳೆಯ ಮತ್ತು ಹೊಸ ಕಡತಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಲೆಂದೇ ಇದೆ. ಇದನ್ನು ಹೈಟೆಕ್ ಅಲಂಕಾರ ಎಂದು ನೋಡಬೇಡಿ. ನೆರೆಪೀಡಿತ ತಾಲ್ಲೂಕುಗಳಿಂದ ಈ ಕೆಲಸ ಶುರುವಾದರೆ ಅದೇ ದೊಡ್ಡ ವಿಮೆ.

ಮೂರು, ಈ ಕಾಗದದ ಬೆನ್ನು ಹತ್ತಲು ಒಬ್ಬ ಮನುಷ್ಯ. ನ್ಯಾಯಾಧೀಶರು ಬೆಳಿಗ್ಗೆ ಸಾಕ್ಷಿ ಕೇಳಬೇಕು, ಸಂಜೆ ತೀರ್ಪು ಬರೆಯಬೇಕು. ನಡುವೆ ಟೆಂಡರಿನ ಬಗ್ಗೆ ಪತ್ರವನ್ನೂ ಅವರೇ ಬರೆಯುವುದೆಂದರೆ ಎರಡೂ ಕೆಡುತ್ತವೆ. ಕೋರ್ಟು ಮ್ಯಾನೇಜರ್ ಹುದ್ದೆ ಹುಟ್ಟಿದ್ದು ಇದಕ್ಕೇ. ಆಡಳಿತ ನಿರ್ವಹಣೆ ಓದಿದ ಇಂಥ ಮ್ಯಾನೇಜರ್‌ಗಳು ನ್ಯಾಯಾಲಯಗಳಿಗೆ ಬೇಕು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಯೋಜನೆಯ ಹಣ ಮುಗಿದೊಡನೆ ಹುದ್ದೆಯೂ ಅತಂತ್ರವಾದರೆ ಬಳಕೆ ಪ್ರಮಾಣಪತ್ರ ಬರೆಯುವವರು ಯಾರು?

ನಾಲ್ಕು, ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುವ ವ್ಯವಸ್ಥೆ. ಮುಖ್ಯ ನ್ಯಾಯಮೂರ್ತಿ ರಮಣ ಅವರು ರಾಷ್ಟ್ರೀಯ ನ್ಯಾಯಾಂಗ ಮೂಲಸೌಕರ್ಯ ಪ್ರಾಧಿಕಾರವೊಂದು ಬೇಕು ಎಂದರು. 2022ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಗಳು ಮತ್ತು ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನದಲ್ಲಿ ರಾಷ್ಟ್ರ ಮಟ್ಟದ ಪ್ರಾಧಿಕಾರಕ್ಕೆ ಒಮ್ಮತ ಬರಲಿಲ್ಲ. ರಾಜ್ಯ ಮಟ್ಟದಲ್ಲಿ ಆಗಲಿ ಎಂಬ ಮಾತು ಬಂತು. ಮಟ್ಟ ಯಾವುದಾದರೂ ಆಗಲಿ, ‘ಮೇಲೆ’ ಎಂದರೆ ಯಾರು ಎಂಬ ಪ್ರಶ್ನೆಗೆ ಒಂದು ಹೆಸರು, ಒಂದು ವಿಳಾಸ ಇರಬೇಕು ಎಂಬುದಷ್ಟೇ ನನ್ನ ಕೋರಿಕೆ. ಕೋರ್ಟಿನ ಹಣ ಪೂರ್ತಿ ಕೋರ್ಟಿನ ಕೈಗೇ ಕೊಡಿ ಎಂದು ನಾನು ವಾದಿಸುತ್ತಿಲ್ಲ. ಲೆಕ್ಕ ಕೇಳುವವರು ಹೊರಗಿರುವುದು ಒಳ್ಳೆಯದೇ. ಆದರೆ ಲೆಕ್ಕ ಕೇಳುವುದು ಬೇರೆ, ಕಾಯಿಸುವುದು ಬೇರೆ.

ಗೆಳೆಯರೇ, ‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂದು ನಮ್ಮ ಜನ ಬಹಳ ಹಿಂದೆಯೇ ಹೇಳಿದ್ದಾರೆ. ಆ ಗಾದೆ ಹುಟ್ಟಿದ್ದು ವಿಳಂಬದಿಂದ, ಖರ್ಚಿನಿಂದ. ಅದಕ್ಕೆ ಇನ್ನೊಂದು ಸಾಲು ಸೇರದಿರಲಿ: ಗೆಲ್ಲುವ ಮೊದಲೇ, ಸೋಲುವ ಮೊದಲೇ, ಕಡತವೇ ಕರಗಿಹೋಯಿತು ಎಂದು. ನಾಳೆ ನೀವು ವಕೀಲರಾಗುತ್ತೀರಿ, ಕೆಲವರು ನ್ಯಾಯಾಧೀಶರೂ ಆಗುತ್ತೀರಿ. ಯಾವುದೋ ತಾಲ್ಲೂಕಿಗೆ ಹೋದ ಮೊದಲ ವಾರದಲ್ಲಿ, ಮಳೆ ಶುರುವಾಗುವ ಮುಂಚೆ, ಒಮ್ಮೆ ದಾಖಲೆ ಕೊಠಡಿಯೊಳಗೆ ಹೋಗಿ ಮೇಲೆ ನೋಡಿ. ಬೆಳಕು ಕಂಡರೆ ಅಂದೇ ಬರೆಯಿರಿ. ಬರೆದ ಪತ್ರದ ಪ್ರತಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ನಮ್ಮಂಥ ವರದಿಗಾರರಿಗೂ ಒಂದು ಮಾತು ಹೇಳಿ.

ಆ ಮುದುಕರ ಪಾಲುಪಟ್ಟಿ ನೆನೆಯಲಿಲ್ಲ ಎಂದು ಆಮೇಲೆ ತಿಳಿಯಿತು. ಅದನ್ನು ಉಳಿಸಿದ್ದು ಯೋಜನೆಯಲ್ಲ, ಅನುದಾನವಲ್ಲ. ಸ್ಟೂಲು ಹತ್ತಿದ ದಫೇದಾರರು. ಆ ದಿನ ಅವರು ರಜೆಯಲ್ಲಿರಲಿಲ್ಲ ಎಂಬುದು ಆ ಮುದುಕರ ಅದೃಷ್ಟ. ನ್ಯಾಯ ಅದೃಷ್ಟದ ಮೇಲೆ ನಿಲ್ಲಬಾರದು.